ಐಶ್ವರ್ಯಾಳ ಎರಡು ಸೀಟಿನ ಕಾರು

ಫ್ರೀಮಾಂಟ್,
ಆಗಸ್ಟ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಿರಣಾ,

ಹೇಗಿದ್ದೀ ಮಗನೆ? ನೆಗಡಿ ಪೂರ್ತಿ ಹೋಯಿತೇ? ತೈವಾನಿನ ಸೆಖೆಯಿಂದ ಫ್ಯಾಕ್ಟರಿಯ ಎ.ಸಿ.ಗೆ, ಎ.ಸಿ.ಯಿಂದ ಮತ್ತೆ ಸೆಖೆಗೆ ದಿನಕ್ಕೆ ಹತ್ತು ಸಲ ಓಡಾಡಿದರೆ ಯಾರ ಮೂಗು ತಡೆದೀತು? ಹೊರಗೆ ಬಂದ ಕೂಡಲೇ ತಣ್ಣೀರು ಕುಡಿಯಬೇಡ. ಕಳಿಸಿದ ಗುರೆಳ್ಳು ಚಟ್ನಿ ಇನ್ನೂ ಇದೆಯೋ, ಮುಗಿಯಿತೋ ಬರೆ. ಅಲ್ಲಿಯ ಕಸ್ಟಮ್ಸಿನವನು ಡಬ್ಬಿ ಬಿಚ್ಚಿ ಮೂಸಿ, ಸೀನಿ, ಹಾಗೇ ಬಿಟ್ಟನೆಂದು ನೀನು ಹೇಳಿದ್ದನ್ನು ನಿನ್ನ ಅವ್ವ ಅಪಾರ್ಟ್‌ಮೆಂಟಿನ ಮೂರೂ ಮಹಡಿಗೆ ಹೇಳಿಕೊಂಡು ಬಂದಿದ್ದಾಳೆ. ಅವಳ ಮೊಣಕಾಲು ಈಗ ಪರವಾಗಿಲ್ಲ. ಸಂಜೆ ಲೇಕ್ ಎಲಿಜಬೆತ್ತಿನ ಸುತ್ತ ಅರ್ಧ ಸುತ್ತು ನಡೆಯುತ್ತಾಳೆ, ಉಳಿದರ್ಧಕ್ಕೆ ಬೆಂಚಿನ ಮೇಲೆ ಕೂತು ಬಾತುಕೋಳಿಗಳಿಗೆ ಗದಗಿನ ಮಾತಿನಲ್ಲಿ ಬುದ್ಧಿ ಹೇಳುತ್ತಾಳೆ. ನನ್ನ ಬಿ.ಪಿ. ಸರಿಯಾಗಿದೆ. ಸೊಸೆ ಐಶ್ವರ್ಯಾಳೂ ಆರಾಮ. ಎಷ್ಟು ಆರಾಮ ಎಂದು ಹೇಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಪೀಠಿಕೆ ಮುಗಿಸುವಷ್ಟರಲ್ಲಿ ನಿನ್ನ ಮೀಟಿಂಗು ಶುರುವಾಗುತ್ತದೆ, ಇಲ್ಲವೇ ನೀನು ಅರ್ಧ ಕೇಳಿ ಸಿಟ್ಟಾಗುತ್ತೀ. ಕಾಗದವನ್ನು ಸಿಟ್ಟಿನಿಂದ ಕೆಳಗಿಟ್ಟರೂ ಅದು ಮೇಜಿನ ಮೇಲೆ ಇದ್ದೇ ಇರುತ್ತದೆ, ಆಮೇಲೆ ಓದಬಹುದು. ಹಾಗಾಗಿ ನಿಧಾನವಾಗಿ, ಒಂದು ಕಪ್ ಚಹಾ ಮಾಡಿಕೊಂಡು ಕೂತು ಓದು.

ಮೇ ತಿಂಗಳಲ್ಲಿ ತೈವಾನಿಗೆ ಹೊರಟಾಗ ಏರ್‌ಪೋರ್ಟಿನಲ್ಲಿ ನೀನು ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋಗಿ ಹೇಳಿದ್ದು ನೆನಪಿದೆಯಲ್ಲ? 'ಅಪ್ಪಾ, ಆಕಿ ಆ ಟ್ರ್ಯಾಕಿನ ಕಾರು ತೊಗೊಳ್ಳದಂಗ ನೋಡ್ಕೋ. ನಾ ಹೇಳಿದ್ರ ಜಗಳಾಗ್ತೈತಿ. ನಿನ್ನ ಮಾತು ಕೇಳ್ತಾಳ.' ನಾನು ಆಗಲಿ ಎಂದೆ. ಮನಸ್ಸಿನಿಂದಲೇ ಎಂದೆ. ಫೆಬ್ರವರಿಯ ಆ ಮಳೆಯಲ್ಲಿ ಸುನೋಲ್ ಇಳಿಜಾರಿನ ಹೆದ್ದಾರಿಯಲ್ಲಿ ಅವಳ ಕಾರು ನೀರಿನ ಮೇಲೆ ತೇಲಿ, ಗಿರಕಿ ಹೊಡೆದು, ನಡುವಿನ ಗೋಡೆಗೆ ಮುಖ ಮಾಡಿ ನಿಂತಿತ್ತಲ್ಲ, ಆ ಸಂಜೆಯನ್ನು ನಾನೂ ಮರೆತಿರಲಿಲ್ಲ. ಅವಳಿಗೆ ಒಂದು ಗೀರೂ ಆಗಲಿಲ್ಲ, ನಿಜ. ಆದರೆ ಮರುದಿನದಿಂದ ಕೀಲಿ ನಿನ್ನ ಕಪಾಟಿಗೆ ಹೋಯಿತು. ಪ್ಲೆಸೆಂಟನ್ನಿನ ಆಫೀಸಿಗೆ ಇಪ್ಪತ್ತು ನಿಮಿಷದಲ್ಲಿ ಹೋಗುತ್ತಿದ್ದ ಹುಡುಗಿ ಟ್ರೇನು ಬದಲಿಸಿ, ಬಸ್ಸು ಹಿಡಿದು, ಬೆಟ್ಟ ಸುತ್ತಿ ಹೋಗತೊಡಗಿದಳು. ಹಾಗಿದ್ದವಳು ಏಪ್ರಿಲಿನಲ್ಲಿ ಗೆಳತಿಯ ಜೊತೆ ಯಾವುದೋ ಖಾಲಿ ಮೈದಾನದಲ್ಲಿ ಕಾರು ಜಾರುವುದನ್ನು ಕಲಿಸುವ ತರಗತಿಗೆ ಹೋಗಿಬಂದು, ಮೈತುಂಬ ಧೂಳು, ಮುಖತುಂಬ ನಗು ಹೊತ್ತು 'ನನಗೊಂದು ಟ್ರ್ಯಾಕ್ ಕಾರ್ ಬೇಕು' ಎಂದು, ಅಂದರೆ ರೇಸಿನ ಹಾದಿಯಲ್ಲಿ ಓಡಿಸುವ ಕಾರು ಬೇಕೆಂದು, ಹೇಳಿದಾಗ ನಿಮ್ಮಿಬ್ಬರ ನಡುವೆ ಏನೇನು ಆಯಿತೋ ನಮಗೆ ಗೊತ್ತಿಲ್ಲ. ಬಾಗಿಲು ಮುಚ್ಚಿತ್ತು. ನೀನು ಹೊರಡುವವರೆಗೂ ಊಟದ ಮೇಜಿನ ಮೇಲೆ ಉಪ್ಪು ಕೇಳಿದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ.

ನಾನು ಕೆಲಸ ಶುರುಮಾಡಿದ್ದು ಖರ್ಚಿನ ಮಾತಿನಿಂದ. ಇಷ್ಟು ವರ್ಷ ಸೀರೆ ಅಂಗಡಿ ನಡೆಸಿದವನಿಗೆ ಬೇರೆ ಯಾವ ಅಸ್ತ್ರ ಗೊತ್ತು? ಅಂಗಡಿಗೆ ಬಂದವರು ಅಗ್ಗದ ಸೀರೆ ಬೇಕೆಂದು ಬರುತ್ತಾರೆ, ಆಮೇಲೆ ಫಾಲು, ಕುಪ್ಪಸ, ಹೊಲಿಗೆ, ಕುಚ್ಚು ಎಂದು ಸೀರೆಯ ಎರಡು ಪಟ್ಟು ಸುರಿಯುತ್ತಾರೆ, ಕಾರೂ ಹಾಗೇ ಅಲ್ಲವೇನವಾ ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಬದಲಿಗೆ ನನ್ನ ಹತ್ತಿರವೇ ಸರಿದು ಕೂತು, 'ಕರೆಕ್ಟ್ ಮಾವಾರ! ಎಲ್ಲಾರೂ ಅದನ್ನಽ ಮರೀತಾರ. ಕಾರಿನ ರೇಟು ಮುಖ್ಯ ಅಲ್ಲ, ಟಯರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಅವು ಮುಖ್ಯ. ಮತ್ತ ಟ್ರ್ಯಾಕ್ ಮ್ಯಾಲೆ ಏನರ ಆದ್ರ ನಮ್ಮ ಇನ್ಶೂರೆನ್ಸು ಒಂದು ಪೈಸಾ ಕೊಡಂಗಿಲ್ಲ. ಅದಕ್ಕ, ಮುರದ್ರೂ ಅಳು ಬರದಂಥಾ ಕಾರ್ ಬೇಕು. ನೀವು ನನ್ನ ಜೋಡಿ ಬರ್ರಿ, ವ್ಯಾಪಾರ ನಿಮಗ ತಿಳೀತೈತಿ' ಎಂದಳು. ನಾನು ತಡೆಯಲು ಹೋದವನು ಸಲಹೆಗಾರನಾದೆ. ಹೋದರೆ ತಡೆಯಲು ಇನ್ನೂ ಒಳ್ಳೆಯ ಅವಕಾಶ ಸಿಗುತ್ತದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನೆಯಲ್ಲಿ ಒಬ್ಬಳೇ ಕೂರಲು ಒಪ್ಪದ ನಿನ್ನ ಅವ್ವನೂ ಹೊರಟಳು.

ಮೂವರೂ ಟ್ಯಾಕ್ಸಿ ಮಾಡಿಕೊಂಡು ಹೋಗಿ ಮೊದಲು ನೋಡಿದ್ದು ಹೇವರ್ಡಿನಲ್ಲಿ, ಎಂಟು ಸಿಲಿಂಡರಿನ ದೊಡ್ಡ ಅಮೆರಿಕನ್ ಕಾರು. ಕೇಳಿದ ಬೆಲೆ ಕಡಿಮೆ. ಮಾಲೀಕ ಎಂಜಿನ್ ಶುರು ಮಾಡಿದಾಗ ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಐಶ್ವರ್ಯಾ ಒಂದು ಸುತ್ತು ಬಂದು, ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ, ಬೇಡ ಎಂದಳು. ಗಾಡಿ ಭಾರ ಇದ್ದಷ್ಟೂ ನಿಲ್ಲಿಸುವುದಕ್ಕೆ ಬ್ರೇಕು ಬೇಯಬೇಕು, ತಿರುಗಿಸುವುದಕ್ಕೆ ಟಯರು ಸವೆಯಬೇಕು, ಎರಡು ದಿನ ಓಡಿಸಿದರೆ ಒಂದು ಜೊತೆ ಟಯರು ಹೋಯಿತು ಎಂದು ದಾರಿಯಲ್ಲಿ ವಿವರಿಸಿದಳು. ಎರಡನೆಯದು ಸ್ಯಾನ್ ಹೋಸೆಯಲ್ಲಿ, ಕಪ್ಪು ಬಣ್ಣದ ಜರ್ಮನ್ ಕಾರು. ಕಿರಣಾ, ಅದನ್ನು ನೋಡಿದ ಕೂಡಲೇ ನಾನೇ ಸೋತೆ. ಒಳಗಿನ ಚರ್ಮದ ವಾಸನೆ ಏನು, ಬಾಗಿಲು ಮುಚ್ಚುವ ಸದ್ದು ಏನು! ಆದರೆ ಮಾರುವವನು ಮಾತಾಡುತ್ತ ಆಡುತ್ತ ಒಂದೇ ಕಡೆ ನಿಲ್ಲುತ್ತಿದ್ದ. ನನ್ನ ಅಂಗಡಿಯಲ್ಲಿ ಗುಮಾಸ್ತ ಸೀರೆಯ ಯಾವ ಮೂಲೆಯ ಮೇಲೆ ಕೈ ಇಟ್ಟುಕೊಂಡೇ ಮಡಿಕೆ ಬಿಚ್ಚುತ್ತಾನೋ ಅಲ್ಲೇ ಕಲೆ ಇರುತ್ತಿತ್ತು. 'ಅವನ ಕಾಲ ಕೆಳಗ ನೋಡವಾ' ಎಂದೆ ಮೆಲ್ಲಗೆ. ಅವನನ್ನು ಸರಿಸಿ ಟಾರ್ಚು ಬಿಟ್ಟು ನೋಡಿದರೆ, ನೆಲದ ಮೇಲೆ ರೊಟ್ಟಿಯಷ್ಟಗಲ ಎಣ್ಣೆ. ಆ ದಿನ ಮನೆಗೆ ಬರುವಾಗ ಸೊಸೆ ನನಗೆ ಐಸ್‌ಕ್ರೀಮು ಕೊಡಿಸಿದಳು. ನೀನು ಕೊಟ್ಟ ಕೆಲಸ ನನ್ನ ಕೈಯಿಂದ ಜಾರಿದ್ದು ಆ ಐಸ್‌ಕ್ರೀಮಿನ ಹೊತ್ತಿಗೇ ಎಂದು ಕಾಣುತ್ತದೆ.

ಮೂರನೆಯದು ಲಾಸ್ ಗ್ಯಾಟೋಸಿನಲ್ಲಿ. ಬೆಟ್ಟದ ಬುಡದಲ್ಲಿ ಮನೆ. ಗ್ಯಾರೇಜಿನ ಮುಂದೆ ಒಂದು ಪುಟ್ಟ ನೀಲಿ ಕಾರು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಚಾವಣಿ, ಬೆನ್ನಿನ ಹಿಂದೆ ಕಬ್ಬಿಣದ ಕಮಾನು. ಮಿಯಾಟಾ ಎಂದು ಹೆಸರಂತೆ. ಇಪ್ಪತ್ತು ವರ್ಷ ದಾಟಿದ ಗಾಡಿ. ಹತ್ತಿರ ಯಾರೂ ಕಾಣಲಿಲ್ಲ. ನಿನ್ನ ಅವ್ವ ಅದನ್ನು ಮೇಲಿಂದ ಕೆಳಗೆ ನೋಡಿ, 'ಇದೇನ್ರಿ, ಇದರಾಗ ಕೂಡೋದೋ, ಕಾಲಿಗಿ ಹಾಕ್ಕೊಳ್ಳೋದೋ?' ಎಂದು ಗಟ್ಟಿಯಾಗಿಯೇ ಕೇಳಿದಳು. ಕಾರಿನ ಅಡಿಯಿಂದ ನಗು ಕೇಳಿಸಿತು! ಒಬ್ಬ ಮುದುಕರು ಅಂಗಾತ ಮಲಗಿದ್ದವರು ಹೊರಗೆ ಜರುಗಿ ಬಂದು, 'ಕೂತ್ಕೊಳ್ಳೋದೇ ತಾಯಿ. ಆದ್ರೆ ಏಳೋದು ಮಾತ್ರ ನಿಮ್ಮ ಹಣೆಬರಹ' ಎಂದರು. ಹೆಸರು ಶೇಷಾದ್ರಿ, ಮೈಸೂರಿನವರು, ಈ ದೇಶಕ್ಕೆ ಬಂದು ನಲವತ್ತು ವರ್ಷವಾಯಿತಂತೆ. ಕಾರು ಮಾರುವುದಕ್ಕೆ ಕಾರಣವೂ ಆ ಏಳುವ ಕಷ್ಟವೇ. ಅಷ್ಟು ಕೆಳಗಿನ ಸೀಟಿನಿಂದ ಏಳಬೇಕಾದರೆ ಈಗ ಅವರು ಮೊದಲು ಕೈ ನೆಲಕ್ಕೂರಿ, ಆಮೇಲೆ ಮೊಣಕಾಲೂರಿ ಹೊರಬರಬೇಕು. ಮಾಡಿ ತೋರಿಸಿದರು. ಅವ್ವ ತನ್ನ ಮೊಣಕಾಲಿನ ಕಥೆ ತೆಗೆದಳು, ಅವರು ತಮ್ಮದು ತೆಗೆದರು. ಕಾರಿನ ಮಾತು ಬರುವಷ್ಟರಲ್ಲಿ ಕಾಫಿ ಬಂತು.

ಆಮೇಲೆ ಅವರು ಒಳಗಿನಿಂದ ಉದ್ದ ಕೋಲಿನ ಕಸಬರಿಗೆ ತಂದರು. ಮಾರುವ ಹೊತ್ತಿಗೆ ಗುಡಿಸುತ್ತಾರೋ ಏನೋ ಎಂದುಕೊಂಡೆವು. ಐಶ್ವರ್ಯಾಳನ್ನು ಹೆಲ್ಮೆಟ್ ಹಾಕಿ ಕೂರಿಸಿ, ಆ ಕೋಲನ್ನು ಹಿಂದಿನ ಕಮಾನಿನಿಂದ ಮುಂದಿನ ಗಾಜಿನ ಚೌಕಟ್ಟಿನವರೆಗೆ ಅಡ್ಡ ಇಟ್ಟು, ತಲೆ ಕೋಲಿಗೆ ತಾಗದಿದ್ದರೆ ಮಾತ್ರ ಈ ಕಾರು ಅವಳಿಗೆ ಸರಿ, ಪಲ್ಟಿಯಾದರೂ ತಲೆ ಉಳಿಯುತ್ತದೆ ಎಂದು ತೋರಿಸಿದರು. ತಾಗಲಿಲ್ಲ. ಪಲ್ಟಿ ಎನ್ನುವ ಮಾತು ಬಂತಲ್ಲ. ಇದೇ ಸಮಯವೆಂದು, ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಶೇಷಾದ್ರಿಯವರೇ ಅವಳನ್ನು ಕೇಳಿದರು: 'ಸರಿ ಕಣಮ್ಮ, ನಿನಗೆ ಇದು ಯಾಕೆ ಬೇಕು? ಬರೀ ಸ್ಪೀಡಿಗಾದ್ರೆ ಇದು ಬೇಡ. ಇದರಲ್ಲಿ ಅಷ್ಟು ಶಕ್ತಿ ಇಲ್ಲ.'

ಅವಳು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ಫೆಬ್ರವರಿಯಾಗ ಫ್ರೀವೇ ಮ್ಯಾಲೆ ನನ್ನ ಕಾರ್ ಸ್ಪಿನ್ ಆತು ಅಂಕಲ್. ಸ್ಟೀರಿಂಗು ನನ್ನ ಕೈಯಾಗಽ ಇತ್ತು, ಆದ್ರ ನಾ ಬರೇ ಪ್ಯಾಸೆಂಜರ್ ಆಗಿದ್ದೆ. ಏನು ಮಾಡಬೇಕು ಗೊತ್ತಿರಲಿಲ್ಲ. ಎಲ್ಲಾರೂ ಪುಣ್ಯಾ ಇತ್ತು, ಉಳದಿ ಅಂದ್ರು. ನನಗ ಬರೇ ಪುಣ್ಯಾ ಸಾಲಂಗಿಲ್ಲ. ಕಾರು ಯಾವಾಗ ಜಾರತೈತಿ, ಯಾಕ ಜಾರತೈತಿ, ನನಗ ತಿಳೀಬೇಕು. ಆ ಕ್ಲಾಸಿನಾಗ ಸ್ವಲ್ಪ ತಿಳೀತು. ಮತ್ತ, ಭಾಳ ಖುಷಿನೂ ಆತು.' ಕೊನೆಯ ಮಾತು ಹೇಳುವಾಗ ಏನೋ ತಪ್ಪು ಮಾಡಿದವಳ ಹಾಗೆ ನನ್ನ ಕಡೆ ನೋಡಿದಳು. ನನ್ನ ತೆರೆದ ಬಾಯಿ ಮುಚ್ಚಿಕೊಂಡಿತು. ಖುಷಿಯಾಯಿತು ಎಂದು ಹೇಳುವುದಕ್ಕೆ ನಮ್ಮ ಮನೆಯ ಹುಡುಗಿ ನನ್ನ ಮುಖ ನೋಡಬೇಕೇ?

ಶೇಷಾದ್ರಿಯವರು ಕೂಡಲೇ ಒಪ್ಪಿದರು. ಇದು ಹಗುರ ಗಾಡಿ, ದೊಡ್ಡ ಕಾರಿನ ಎರಡು ಟಯರಿನ ದುಡ್ಡಿಗೆ ಇದರ ನಾಲ್ಕೂ ಬರುತ್ತವೆ, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತವೆ, ಶಕ್ತಿ ಕಡಿಮೆಯಾದ್ದರಿಂದ ತಪ್ಪು ಮಾಡಿದರೆ ಮೊದಲೇ ಹೇಳಿ ಆಮೇಲೆ ಜಾರುತ್ತದೆ ಎಂದು ಕಲಿಸತೊಡಗಿದರು. ಬೆಲೆಯ ಮಾತು ನಾನು ಆಡಿದೆ. ಎಷ್ಟಕ್ಕೆ ಮುಗಿಸಿದೆನೆಂದು ಬರೆಯುವುದಿಲ್ಲ, ಆದರೆ ಅವರು ಕೊನೆಗೆ ನಗುತ್ತ, 'ಸೀರೆ ವ್ಯಾಪಾರದವರ ಹತ್ತಿರ ಕಾರು ಮಾರಬಾರದು' ಎಂದರು. ಎಲ್ಲ ಐಶ್ವರ್ಯಾಳ ಸ್ವಂತ ಉಳಿತಾಯ. ಹೌದು ಕಿರಣಾ, ಕಾರು ಕೊಂಡಾಯಿತು. ಚಹಾ ಇನ್ನೊಂದು ಕಪ್ ಬೇಕಿದ್ದರೆ ಮಾಡಿಕೋ, ಮುಂದೆ ಇನ್ನೂ ಇದೆ.

ಹೊಸ ಬ್ರೇಕು, ಹೊಸ ಟಯರು ಹಾಕಿಸಿ, ಕಳೆದ ವಾರದ ಶನಿವಾರ ವಿಲೋಸ್ ಊರಿನ ಹತ್ತಿರದ ಥಂಡರ್‌ಹಿಲ್ ಟ್ರ್ಯಾಕಿಗೆ ಹೋದೆವು. ಐಶ್ವರ್ಯಾ ಫೆಬ್ರವರಿಯಿಂದ ಫ್ರೀವೇಯಲ್ಲಿ ಕಾರು ಓಡಿಸಿರಲಿಲ್ಲ. ಹಾಗಾಗಿ ಶೇಷಾದ್ರಿಯವರೇ ತಮ್ಮ ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿ, ಅದರ ಮೇಲೆ ನೀಲಿ ಕಾರು ಏರಿಸಿ, ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೊರಟರು. ಅವ್ವ ರೊಟ್ಟಿ, ಎಣ್ಣೆಗಾಯಿ, ಮೊಸರನ್ನದ ಬುತ್ತಿ ಕಟ್ಟಿದ್ದಳು. ದಾರಿಯ ಇಕ್ಕೆಲದಲ್ಲಿ ಸೂರ್ಯಕಾಂತಿ ಹೊಲಗಳು, ಎಲ್ಲ ಹೂವೂ ಬಲಿತು ತಲೆ ಬಗ್ಗಿಸಿದ್ದವು. ಅಲ್ಲಿ ನಾನು ಅಂದುಕೊಂಡ ಹಾಗೆ ರೇಸು ಗೀಸು ಏನೂ ಇರಲಿಲ್ಲ. ಯಾರು ಮೊದಲು ಬಂದರೆಂದು ನೋಡುವವರೇ ಇಲ್ಲ. ಕಾರುಗಳನ್ನೆಲ್ಲ ತಪಾಸಣೆ ಮಾಡಿ, ಪಾಠ ಹೇಳಿ, ಹೊಸಬರ ಪಕ್ಕದಲ್ಲಿ ಒಬ್ಬೊಬ್ಬ ಶಿಕ್ಷಕರನ್ನು ಕೂರಿಸಿ ಬಿಡುತ್ತಾರೆ. ಇವಳಿಗೆ ಸಿಕ್ಕವರು ನೆರೆತ ಜಡೆಯ ಒಬ್ಬ ಹೆಂಗಸು. ಮುಂದಿನವರು ಕಿಟಕಿಯಿಂದ ಕೈ ಚಾಚಿ ದಾರಿ ತೋರಿಸದ ಹೊರತು ಹಿಂದಿನವರು ದಾಟುವಂತಿಲ್ಲ. ಅವ್ವ ಅದನ್ನೇ ನೋಡುತ್ತ, 'ನೋಡ್ರಿ, ಇಲ್ಲೆ ಎಷ್ಟು ಮರ್ಯಾದಿ ಮಂದಿ ಅದಾರ. ಫ್ರೀವೇದಾಗ ಹಿಂಗ ಯಾರರ ದಾರಿ ಬಿಡ್ತಾರನು?' ಎಂದಳು.

ಮುಚ್ಚಿಡದೆ ಹೇಳುತ್ತೇನೆ, ಎರಡನೆಯ ಸರದಿಯಲ್ಲಿ ಅವಳ ಕಾರು ಜಾರಿತು. ನಾವು ದಿಬ್ಬದ ಮೇಲೆ ಕೊಡೆ ಹಿಡಿದು ನಿಂತಿದ್ದೆವು. ನೀಲಿ ಕಾರು ಏರು ಹತ್ತಿ ತಿರುವಿಗೆ ಬಂತು, ಹಿಂಭಾಗ ಮುಂದೆ ಬಂತು, ಮರುಕ್ಷಣ ಧೂಳು ಬಿಟ್ಟು ಬೇರೇನೂ ಕಾಣಲಿಲ್ಲ. ನಿನ್ನ ಅವ್ವ ನನ್ನ ರಟ್ಟೆ ಹಿಡಿದ ಗುರುತು ಇನ್ನೂ ಇದೆ. ನಿನಗೆ ಏನೆಂದು ಫೋನು ಮಾಡಲಿ ಎನ್ನುವುದೊಂದೇ ತಲೆಯಲ್ಲಿ. ಶೇಷಾದ್ರಿಯವರು ಮಾತ್ರ, 'ಏನೂ ಆಗಿಲ್ಲ, ತಡೀರಿ. ಅಲ್ಲಿ ಬರೀ ಮಣ್ಣು, ಗುದ್ದೋಕೆ ಏನೂ ಇಲ್ಲ' ಎನ್ನುತ್ತಿದ್ದರು. ಧೂಳು ಕೂತಿತು. ಕಾರು ಹುಲ್ಲಿನಲ್ಲಿ ನಿಂತಿತ್ತು. ಕಿಟಕಿಯಿಂದ ಆ ಶಿಕ್ಷಕಿಯ ಹೆಬ್ಬೆರಳು ಮೇಲಕ್ಕೆ ಬಂತು. ಟ್ರ್ಯಾಕಿನ ಅಂಚಿನಲ್ಲಿ ಬಾವುಟ ಹಿಡಿದು ನಿಂತವನು ಸನ್ನೆ ಮಾಡಿದ ಮೇಲೆ ಕಾರು ತಾನಾಗಿ ಹೊರಟು, ಅಡಿಯಲ್ಲಿ ಒಣಹುಲ್ಲು ಸಿಕ್ಕಿಸಿಕೊಂಡು ನಿಧಾನವಾಗಿ ಒಳಗೆ ಬಂತು.

ನಾವು ಓಡಿಹೋದೆವು. ಅಳುತ್ತಿರುತ್ತಾಳೆ ಎಂದುಕೊಂಡಿದ್ದೆ. ಹೆಲ್ಮೆಟ್ ತೆಗೆದರೆ ಮುಖವೆಲ್ಲ ಬೆವರು, ಕಣ್ಣು ಇಷ್ಟಗಲ. 'ಮಾವಾರ, ತಿರಗ್ತು! ಬ್ರೇಕು, ಕ್ಲಚ್ಚು ಎರಡೂ ಒತ್ತಿ ಹಿಡದು ನಾನಽ ನಿಲ್ಲಿಸಿದೆ. ತಿರವಿನ ನಡುವ ಹೆದರಿ ಆಕ್ಸಿಲರೇಟರ್ ಮ್ಯಾಲಿಂದ ಕಾಲು ತಗದೆ, ಅದಕ್ಕಽ ಜಾರ್ತು. ನನಗ ಗೊತ್ತಾತು, ಯಾಕ ಅಂತ ಗೊತ್ತಾತು!' ಎಂದು ಒಂದೇ ಸಮನೆ ಹೇಳಿದಳು. ಅವ್ವ ಸೆರಗಿನಿಂದ ಅವಳ ಮುಖ ಒರೆಸಿ, ಮೊದಲು ಮೊಸರನ್ನ ತಿನ್ನು ಎಂದಳು. ತಿಂದಳು. ಮುಂದಿನ ಸರದಿಗೆ ಮತ್ತೆ ಹೋದಳು. ಅದೇ ತಿರುವಿನಲ್ಲಿ ನಾನು ಕಣ್ಣು ಮುಚ್ಚಿದೆ. ಅವ್ವ ಮುಚ್ಚಲಿಲ್ಲ. 'ಹೋದಳ್ರಿ, ನೀರು ಹರದಂಗ ಹೋದಳು' ಎಂದು ಅವಳೇ ನನಗೆ ಹೇಳಿದ್ದು. ಅದರ ಮುಂದಿನ ಸುತ್ತಿಗೆ ನಾನೂ ಕಣ್ಣು ಬಿಟ್ಟುಕೊಂಡೇ ನೋಡಿದೆ.

ಸಂಜೆ ಕಾರನ್ನು ಟ್ರೇಲರಿಗೆ ಏರಿಸಲು ಹೋದಾಗ ಅವಳು ಬೇಡ ಎಂದಳು. 'ಮನಿಗಿ ನಾ ಓಡಿಸ್ಕೊಂಡು ಬರ್ತೀನಿ. ಮಾವಾರ, ನೀವು ನನ್ನ ಜೋಡಿ ಬರ್ತೀರಿ?' ಎಂದು ಕೇಳಿದಳು. ಕೂತೆ. ಚಾವಣಿ ಮಡಚಿತ್ತು, ಗಾಳಿಯ ಸದ್ದಿಗೆ ಮಾತು ಕೇಳಿಸುವಂತಿರಲಿಲ್ಲ. ಒಂದು ಕಡೆ ಪೆಟ್ರೋಲು ಹಾಕಿಸಲು ನಿಂತಾಗ ಅವಳೇ ಶುರು ಮಾಡಿದಳು. 'ಕಿರಣ್ ಅವತ್ತು ಬೈದಿದ್ರ ಚೊಲೊ ಇತ್ತು ಮಾವಾರ. ಅವರು ಸುಮ್ಮನ ಕೀಲಿ ತಗದಿಟ್ರು.' ಅವನಿಗೆ ಅಂಜಿಕೆ ಆಗಿತ್ತವಾ ಎಂದೆ. 'ಗೊತ್ತೈತ್ರಿ. ನನಗೂ ಆಗಿತ್ತು. ಇಬ್ಬರೂ ಕೂಡಿ ಅಂಜಬಹುದಿತ್ತು' ಎಂದಳು. ಆಗ ನಾನು ಅವಳಿಗೆ ಗೊತ್ತಿರದ ಒಂದು ಮಾತು ಹೇಳಿದೆ. ಆ ದಿನ ಫೋನು ಬಂದಾಗ ನೀನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಒಂದು ಕಾಲಿಗೆ ನಿನ್ನ ಶೂ, ಇನ್ನೊಂದಕ್ಕೆ ನನ್ನ ಚಪ್ಪಲಿ ಮೆಟ್ಟಿಕೊಂಡು ಮಳೆಯಲ್ಲಿ ಓಡಿದೆ, ಅವಳನ್ನು ಕರೆತಂದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ, ನಲ್ಲಿಯ ಸದ್ದಿನಲ್ಲೂ ಅದು ನಮಗೆ ಕೇಳಿಸಿತು ಎಂದೆ. ಅವಳು ಮೂಗು ಒರೆಸಿಕೊಂಡು, 'ಒಂದು ಶೂ, ಒಂದು ಚಪ್ಪಲಿ?' ಎಂದು ನಕ್ಕಳು. ಹೇಳಿದ್ದಕ್ಕೆ ಬೈಯಬೇಡ. ಇಂಥದ್ದನ್ನು ನೀನು ಎಂದೂ ಹೇಳುತ್ತಿರಲಿಲ್ಲ.

ಸುನೋಲ್ ಇಳಿಜಾರು ಬಂದಾಗ ಇನ್ನೂ ಬೆಳಕಿತ್ತು. ಅವಳು ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ದೂರ ನೋಡುತ್ತ, ಪಕ್ಕದವರು ಹೋಗುವ ವೇಗದಲ್ಲೇ, ಆ ತಿರುವು ದಾಟಿದಳು. ಅಷ್ಟೇ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಆಗದೇ ಇದ್ದದ್ದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಸೋಮವಾರದಿಂದ ಅವಳು ಆಫೀಸಿಗೆ ಈ ನೀಲಿ ಕಾರಿನಲ್ಲೇ ಹೋಗುತ್ತಿದ್ದಾಳೆ. ಸಂಜೆ ಬೇಗ ಬರುವುದರಿಂದ ಅವ್ವನಿಗೆ ಕೆರೆಯ ಹತ್ತಿರ ಜೊತೆಯೂ ಸಿಕ್ಕಿದೆ.

ನೀನು ಹೇಳಿದ ಕೆಲಸ ನನ್ನಿಂದ ಆಗಲಿಲ್ಲ. ಆಗಲಿಲ್ಲವೆಂದು ಬೇಸರವೂ ಇಲ್ಲ. ನಿನ್ನ ಭಯ ಸುಳ್ಳೆಂದು ನಾನು ಹೇಳುವುದಿಲ್ಲ, ಆ ದಿಬ್ಬದ ಮೇಲೆ ಅದನ್ನು ನಾನೂ ಕಂಡೆ. ಇಷ್ಟೇ ಹೇಳುತ್ತೇನೆ: ಅವಳಿಗೆ ನೀನಾಗಿ ಫೋನು ಮಾಡು. ಕಾರಿನ ಬೆಲೆ ಕೇಳಬೇಡ. ಟ್ರ್ಯಾಕಿನ ಆ ತಿರುವು ಹೇಗೆ ತೆಗೆದುಕೊಂಡೆ ಎಂದು ಕೇಳು, ಆಮೇಲೆ ಸುಮ್ಮನೆ ಕೇಳಿಸಿಕೋ, ಬಹಳ ಹೊತ್ತು ಹಿಡಿಯುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವ ಮುಂದಿನ ವಾರ ಶೇಂಗಾ ಹಿಂಡಿ ಕುಟ್ಟಿ ಕಳಿಸುತ್ತಾಳಂತೆ, ಕಸ್ಟಮ್ಸಿನವನಿಗೂ ಒಂದು ಚಮಚ ಕೊಡು ಎಂದಿದ್ದಾಳೆ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ ಅಪ್ಪ,
ಮಲ್ಲಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು ಬರೆಯಲೇಬೇಕು. ಐಶ್ವರ್ಯಾ ನವೆಂಬರ್ ಎಂಟರ ಟ್ರ್ಯಾಕ್ ದಿನಕ್ಕೆ ಮತ್ತೆ ಹೆಸರು ಕೊಟ್ಟಿದ್ದಾಳೆ. ಅಷ್ಟು ಹೊತ್ತಿಗೆ ನೀನು ಬಂದು ವಾರವಾಗಿರುತ್ತದೆ. ಹೊಸಬರ ತರಗತಿಯಲ್ಲಿ ನಿನ್ನ ಹೆಸರನ್ನೂ ಬರೆಸಿದ್ದಾಳೆ, ಒಂದೇ ಕಾರು, ಸರದಿಯ ಮೇಲೆ ಇಬ್ಬರೂ ಓಡಿಸಬಹುದಂತೆ. ಬೇಡ ಎನ್ನುತ್ತೀಯೆಂದು ಹೆದರಿ ನಿನಗೆ ಹೇಳಿಲ್ಲ. ನಾನು ಹೇಳಿದೆನೆಂದು ಅವಳಿಗೆ ಗೊತ್ತಾಗುವುದು ಬೇಡ. ಅವಳು ಕೇಳಿದಾಗ ಹೂಂ ಎನ್ನು ಮಗನೆ. ಹೆಲ್ಮೆಟ್ ಕೊಳ್ಳಲು ಅಳತೆ ಬೇಕಾಗಿತ್ತು. ನಿನ್ನ ತಲೆ ನನ್ನದರಷ್ಟೇ ಎಂದು ಅವ್ವ ಹೇಳಿದ್ದಕ್ಕೆ ನಿನ್ನೆ ಅಂಗಡಿಯಲ್ಲಿ ಎಲ್ಲರೆದುರು ನನ್ನ ತಲೆಗೇ ಹಾಕಿ ನೋಡಿದರು. ಸರಿಯಾಗಿ ಕೂತಿತು, ತೆಗೆಯುವಾಗ ಮಾತ್ರ ಕಿವಿ ಉರಿಯಿತು.